ಶುಕ್ರವಾರ ಸಂಜೆ ಮೇಲೆ ಬೆಲ್ ಒತ್ತದ ಬಾಣಂತಿ: ಯಹೂದಿ ಅಮ್ಮಂದಿರನ್ನ ನೋಡ್ಕೊಂಡ ಅನುಭವ ಇರೋರು ದಯವಿಟ್ಟು ಹೇಳಿ

ಕಾರ್ಕಳ_ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ಊರಲ್ಲಿ 6 ವರ್ಷ ಕೆಲಸ ಮಾಡಿ ಈಗ ಲಂಡನ್‌ನಲ್ಲಿ ಬಾಣಂತಿಯರ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ, ಬಂದು ಎಂಟು ತಿಂಗಳಾಯ್ತು. ಆಸ್ಪತ್ರೆ ಹೆಸರು ಬೇಡ, ತಪ್ಪು ನನ್ನದೇ. ಹೋದ ಶುಕ್ರವಾರ ನೈಟ್ ಡ್ಯೂಟಿ. ಸಿಸೇರಿಯನ್ ಆಗಿ ಎರಡನೇ ರಾತ್ರಿ, ಯಹೂದಿ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ರು, ತುಂಬ ಮೆತ್ತಗೆ ಮಾತಾಡ್ತಿದ್ರು. ಹತ್ತು ಗಂಟೆಗೆ ನಾನು ರೌಂಡ್ಸ್ ಹೋದಾಗ "ಇಲ್ಲಿ ಸ್ವಲ್ಪ ಚಳಿ ಅಲ್ವಾ" ಅಂದ್ರು. ನಾನು ಹೌದು, ಈ ವರ್ಷ ಚಳಿ ಜಾಸ್ತಿ ಅಂತ ಹೇಳಿ ಮುಂದಿನ ಬೆಡ್‌ಗೆ ಹೋದೆ. ಅವರು ಮಾತಾಡ್ಲಿಕ್ಕೆ ಹೇಳಿದ್ದು ಅಂತಲೇ ನಾನು ತಿಳ್ಕೊಂಡದ್ದು. ಆಮೇಲೆ ವಾರ್ಡ್ ಬ್ಯುಸಿ ಆಯ್ತು, ಅವರ ಬೆಲ್ ಬರಲಿಲ್ಲ, ಬೆಲ್ ಇಲ್ಲ ಅಂದ್ರೆ ಮಲಗಿದ್ದಾರೆ ಅಂತ ಲೆಕ್ಕ. ಒಂದು ಗಂಟೆಗೆ ಮಗು ತುಂಬ ಹೊತ್ತಿಂದ ಅಳ್ತಾ ಉಂಟಲ್ಲ ಅಂತ ಹೋಗಿ ನೋಡಿದ್ರೆ ಅವರು ನೋವಿಗೆ ಹಲ್ಲು ಕಚ್ಚಿಕೊಂಡು ಕೂತಿದ್ದಾರೆ, ತಲೆ ಮೇಲಿನ ಲೈಟ್ ಉರೀತಾ ಉಂಟು, ಕಿಟಕಿ ಪಕ್ಕದ ಹೀಟರ್ ಆಫ್, ಹಾಸಿಗೆ ಇಳಿಸ್ಲಿಕ್ಕೆ ಆಗದೆ ಅರ್ಧ ಕೂತ ಹಾಗೆಯೇ ಮೂರು ಗಂಟೆ. ಯಾಕೆ ಬೆಲ್ ಒತ್ತಲಿಲ್ಲ ಕೇಳಿದ್ರೆ "ಇವತ್ತು ಶಬ್ಬಾತ್" ಅಂದ್ರು ಅಷ್ಟೇ. ನನ್ನ ಮೇಲೆ ಸಿಟ್ಟೂ ಮಾಡ್ಲಿಲ್ಲ. ಅದೇ ನನಗೆ ಜಾಸ್ತಿ ಸಂಕಟ ಮಾರ್ರೆ.

ಮನೆಗೆ ಬಂದು ನಿದ್ದೆ ಬರಲಿಲ್ಲ. ಇಂಡಕ್ಷನ್‌ನಲ್ಲಿ ಒಂದು ಸ್ಲೈಡ್ ತೋರಿಸಿದ್ರು, ಕೋಷರ್ ಊಟ (ಅವರ ಶಾಸ್ತ್ರದ ಪ್ರಕಾರದ್ದು), ಹೆಣ್ಣು ಸ್ಟಾಫ್ ಅಂತ ಎರಡು ಸಾಲು. ಇದನ್ನು ಯಾರೂ ಹೇಳಿರಲಿಲ್ಲ. ಗೊತ್ತಿದ್ದವರು ಹೇಳಿಕೊಡಿ, ಮುಂದಿನ ಶುಕ್ರವಾರವೂ ನನ್ನದೇ ನೈಟ್ ಉಂಟು.

ಬ್ರೂಕ್ಲಿನ್_ಮೈಸೂರು:
ತಂಗಿ, ಮೊದ್ಲು ಸಮಾಧಾನ ಮಾಡ್ಕೊ. ನಾನು 14 ವರ್ಷದಿಂದ ನ್ಯೂಯಾರ್ಕಲ್ಲಿ ಲೇಬರ್ ರೂಮ್ ನರ್ಸು, ನಮ್ಮಲ್ಲಿಗೆ ಬರೋರಲ್ಲಿ ಬ್ರೂಕ್ಲಿನ್ನಿನ ಬರೋ ಪಾರ್ಕ್, ವಿಲಿಯಮ್ಸ್‌ಬರ್ಗ್ ಕಡೆ ಹಸೀದಿ, ಅಂದ್ರೆ ತುಂಬ ಸಂಪ್ರದಾಯಸ್ಥ ಯಹೂದಿ ಮನೆತನದೋರೇ ಎಷ್ಟೋ ಜನ. ಆ "ಚಳಿ ಅಲ್ವಾ" ಅಂದಿದ್ದು ಮಾತಿಗೆ ಅಂದಿದ್ದಲ್ಲ, ಅದೇ ಅವರು ಕೇಳಿದ್ದು. ಶಬ್ಬಾತ್ ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಅವತ್ತು ಅವರು ಕರೆಂಟ್ ಸ್ವಿಚ್ ಮುಟ್ಟಲ್ಲ, ಮತ್ತೆ ಯಹೂದಿ ಅಲ್ಲದೋರಿಗೂ "ನನಗೋಸ್ಕರ ಈ ಸ್ವಿಚ್ ಹಾಕಿ" ಅಂತ ನೇರವಾಗಿ ಹೇಳೋದಕ್ಕೂ ಅವರ ಶಾಸ್ತ್ರದಲ್ಲಿ ನಿರ್ಬಂಧ ಇದೆ. ಕಾಯಿಲೆ ಇದ್ದೋರಿಗೆ ಎಷ್ಟೋ ಸಡಿಲಿಕೆ ಇದೆ, ಆದ್ರೂ ಚಿಕ್ಕಂದಿನಿಂದ ಬಂದ ಅಭ್ಯಾಸ, ಸೂಚ್ಯವಾಗೇ ಹೇಳ್ತಾರೆ. "ಲೈಟ್ ಕಣ್ಣಿಗೆ ಹೊಡೀತಿದೆ" ಅಂದ್ರೆ ಆರಿಸಿ ಅಂತ. "ಮಗು ಕೈ ತಣ್ಣಗಿದೆ" ಅಂದ್ರೆ ಇನ್ನೊಂದು ಹೊದಿಕೆ ಕೊಡಿ ಅಂತ. ನಮ್ಮತ್ತೆ ಹಿಂಗೇ ಇದ್ರು, ಮಡೀಲಿದ್ದಾಗ ನೀರು ಕೊಡು ಅಂತ ಬಾಯಿಬಿಟ್ಟು ಕೇಳ್ತಿರಲಿಲ್ಲ, ಗಂಟಲು ಒಣಗ್ತಿದೆ ಅಂತ ಗೋಡೆಗೆ ಹೇಳ್ದಂಗೆ ಹೇಳೋರು, ನಾವು ಅರ್ಥ ಮಾಡ್ಕೋಬೇಕಿತ್ತು. ಅದಕ್ಕೇ ನನಗೆ ಬೇಗ ಹಿಡಿತ ಸಿಕ್ತು ಅನ್ಸುತ್ತೆ.

ಮತ್ತೆ ಬೆಲ್ ವಿಷ್ಯ. ಜೀವಕ್ಕೆ ಅಪಾಯ ಅಂದ್ರೆ ಶಬ್ಬಾತ್ ನಿಯಮ ಎಲ್ಲಾ ಬದಿಗೆ ಸರಿಯುತ್ತೆ, ಪಿಕುವಾಖ್ ನೆಫೆಶ್ ಅಂತಾರೆ, ಜೀವ ಉಳಿಸೋದು. ಹೆರಿಗೆ ನೋವು ಬಂದೋಳು ಶಬ್ಬಾತ್ ದಿನಾನೂ ಕಾರಲ್ಲೇ ಬರ್ತಾಳೆ. ಹೆರಿಗೆ ಆಗಿ ಮೊದಲ ಮೂರು ದಿನ ಬಾಣಂತಿ ಅಪಾಯದಲ್ಲಿರೋ ರೋಗಿ ಅಂತಲೇ ಅವರ ಲೆಕ್ಕ, ಅವಳು ಬೇಡ ಅಂದ್ರೂ ಅವಳಿಗೆ ಬೇಕಾದ್ದು ಮಾಡಬೇಕು. ಮೂರರಿಂದ ಏಳನೇ ದಿನದ ತನಕ ಅವಳು ಬೇಕು ಅಂದ್ರೆ ಮಾಡಬೇಕು. ಆಮೇಲೆ ಮೂವತ್ತು ದಿನದ ತನಕ ಸಾಮಾನ್ಯ ರೋಗಿ ಥರ. ಅಂದ್ರೆ ಆ ಹೆಂಗಸು ಬೆಲ್ ಒತ್ತಿದ್ರೂ ತಪ್ಪಿರಲಿಲ್ಲ ಅಂತ ಅವರ ಧರ್ಮಗುರು, ರಬ್ಬಿನೇ ಹೇಳ್ತಿದ್ರೇನೋ. ಆದ್ರೆ ರಾತ್ರಿ ಒಬ್ಬಳೇ ಮಲಗಿರೋಳಿಗೆ ಇದು ಅಪಾಯದ ನೋವಾ ಬರೀ ಹೊಲಿಗೆ ನೋವಾ ಅಂತ ಯಾರು ಹೇಳ್ಬೇಕು? ಅವಳು ತಡ್ಕೊಂಡೇ ತಡ್ಕೋತಾಳೆ. ನಾವೇ ಹೋಗ್ಬೇಕು.

ನರ್ಸಿಂಗ್_ಬೆಂಗಳೂರು:
ಬಿಎಸ್ಸಿ ನರ್ಸಿಂಗ್ ಥರ್ಡ್ ಇಯರ್. ಒಂದು ಡೌಟು ಅಕ್ಕ, ಶಬ್ಬಾತ್ ಅಂದ್ರೆ ಶನಿವಾರ ತಾನೇ? ಶುಕ್ರವಾರ ರಾತ್ರಿ ಹೆಂಗೆ?

ಬ್ರೂಕ್ಲಿನ್_ಮೈಸೂರು:
ಅವರ ದಿನ ಸೂರ್ಯಾಸ್ತಕ್ಕೆ ಶುರು ಆಗುತ್ತಪ್ಪ. ಶುಕ್ರವಾರ ಸೂರ್ಯ ಮುಳುಗೋಕೆ ಮುಂಚೆ ದೀಪ ಹಚ್ಚಿದ್ರೆ ಶನಿವಾರ ನಕ್ಷತ್ರ ಕಾಣೋ ತನಕ, ಹತ್ತಿರ ಹತ್ತಿರ 25 ಗಂಟೆ. ಲಂಡನ್‌ನಲ್ಲಿ ಡಿಸೆಂಬರ್ ಆದ್ರೆ ಮಧ್ಯಾಹ್ನ 4 ಗಂಟೆಗೂ ಮುಂಚೆ ಶುರು, ಜೂನ್ ಆದ್ರೆ ರಾತ್ರಿ 9ರ ಆಸುಪಾಸು. ಹಂಗಾಗಿ ಪ್ರತಿ ವಾರ ಟೈಮ್ ನೋಡ್ಕೋಬೇಕು. ನಾನು ಶುಕ್ರವಾರ ಬೆಳಗ್ಗೆ ಶಿಫ್ಟಲ್ಲಿದ್ರೆ ಸಹಿ ಬೇಕಾಗಿರೋ ಪೇಪರ್ ಎಲ್ಲಾ ಆಗಲೇ ಮುಗಿಸ್ಬಿಡ್ತೀನಿ, ಯಾಕಂದ್ರೆ ಬರೆಯೋದೂ ನಿಷಿದ್ಧ. ರಾತ್ರಿ ಬೆಡ್ ಎಷ್ಟು ಎತ್ತರ ಇರ್ಬೇಕು, ಬಾತ್‌ರೂಮ್ ಲೈಟ್ ಉರೀಬೇಕಾ ಆರಿರ್ಬೇಕಾ, ಎಲ್ಲಾ ಮೊದ್ಲೇ ಕೇಳಿ ಸೆಟ್ ಮಾಡೋದು. ಬಾಗಿಲು ತೆಗೆದ್ರೆ ತಾನಾಗೇ ಹತ್ತೋ ಸೆನ್ಸರ್ ಲೈಟ್ ಇರೋ ಬಾತ್‌ರೂಮ್ ಆದ್ರೆ ಅವರು ಒಳಗೇ ಹೋಗಲ್ಲ, ಯೂರಿನ್ ಕಟ್ಕೊಂಡು ಕೂತ್ಬಿಡ್ತಾರೆ, ಸಿಸೇರಿಯನ್ ಆದೋಳಿಗೆ ಅದು ಎಷ್ಟು ಕೆಟ್ಟದ್ದು ನಿಂಗೇ ಗೊತ್ತು.

ಇನ್ನೊಂದು ಮರೀಬೇಡಿ, ಶನಿವಾರ ಬೆಳಗ್ಗೆ ಡಿಸ್ಚಾರ್ಜ್ ಮಾಡಿ ಬೆಡ್ ಖಾಲಿ ಮಾಡಿ ಅಂತ ಒತ್ತಾಯ ಮಾಡೋದು. ಅವರು ಕಾರು ಹತ್ತೋ ಹಂಗಿಲ್ಲ. ಹೆರಿಗೆಗೆ ಬರೋವಾಗ ಜೀವದ ಪ್ರಶ್ನೆ, ಹೋಗೋವಾಗ ಅಲ್ಲ. ಕತ್ತಲಾಗೋ ತನಕ ಒಂದು ಕುರ್ಚಿ ಜಾಗ ಆದ್ರೂ ಕೊಡ್ಬೇಕು. ಶುಕ್ರವಾರ ರಾತ್ರಿ ಹೆಂಡ್ತೀನ ಕರ್ಕೊಂಡು ಬಂದ ಗಂಡನೂ ಅಷ್ಟೇ, ಮಾರನೇ ರಾತ್ರಿ ತನಕ ಅಲ್ಲೇ.

ಡಾಕ್ಟರ್_ಹುಬ್ಬಳ್ಳಿ:
ನಾ ಇಂಗ್ಲೆಂಡಿನ್ಯಾಗ ಪ್ರಸೂತಿ ವಿಭಾಗದಾಗ ಅದೀನ್ರಿ, ಉತ್ತರದ ಕಡೆ. ಬ್ರೂಕ್ಲಿನ್ ಅಕ್ಕಾರು ಹೇಳಿದ್ದು ಖರೆ. ಆ ಮೂರು ದಿನ, ಏಳು ದಿನ, ಮೂವತ್ತು ದಿನದ ಲೆಕ್ಕ ಅವರ ಧರ್ಮಶಾಸ್ತ್ರದ ಗ್ರಂಥ ತಾಲ್ಮುದ್‌ನ ಶಬ್ಬಾತ್ ಅನ್ನೋ ಭಾಗದಾಗ ಐತಿ. ಅದರ ಮೂಲ ಮಿಶ್ನಾ, ಅದನ್ನ ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ್ರು. ಅದರಾಗ ಹೇಳ್ಯಾರ, ಶಬ್ಬಾತ್ ದಿನ ಹೆರಿಗೆ ಮಾಡಸ್ಬಹುದು, ಸೂಲಗಿತ್ತಿನ್ನ ದೂರದಿಂದ ಕರೆಸಬಹುದು, ಹೊಕ್ಕಳಬಳ್ಳಿ ಕಟ್ಟಬಹುದು ಅಂತ. ಇದಕ್ಕಿಂತ ನನಗ ಮನಸಿಗೆ ಹತ್ತಿದ್ದು ಇನ್ನೊಂದು. ಹೆರಿಗೆ ಆಗೋ ಹೆಣ್ಣಮಗಳಿಗೆ ದೀಪ ಬೇಕಂದ್ರ ಶಬ್ಬಾತ್ ದಿನಾನೂ ಹಚ್ಚರಿ ಅಂತ ಹೇಳಿ, ಆಕಿ ಕುರುಡಿ ಇದ್ರೂ ಹಚ್ಚರಿ ಅಂತ ಸೇರಿಸ್ಯಾರ. ಕಣ್ಣು ಕಾಣದಾಕಿಗೆ ದೀಪ ಯಾಕಂದ್ರ, ಏನಾರ ಬೇಕಾದ್ರ ನನ್ನ ಗೆಳತಿ ನೋಡಿ ಮಾಡ್ತಾಳ ಅಂತ ಆಕಿ ಮನಸಿಗೆ ನೆಮ್ಮದಿ ಇರ್ತದ ಅಂತ. ಮನಸಿನ ನೆಮ್ಮದಿನೂ ಔಷಧದ ಲೆಕ್ಕದಾಗ ಬರ್ತದ ಅಂತ ಅಷ್ಟು ಹಿಂದ ಬರದಾರ. ಕಾರ್ಕಳ ಸಿಸ್ಟರ್, ನಿಮ್ಮ ಪ್ರಶ್ನೆಕ್ಕ ಉತ್ತರ ಇದರಾಗ ಐತಿ ಅಂತ ನನಗ ಅನಸ್ತದ. ನೋಡಿ ಮಾಡೋ ಗೆಳತಿ ಅಂದ್ರ ಆ ರಾತ್ರಿ ನೀವರೀ.

ಕಾರ್ಕಳ_ಸಿಸ್ಟರ್:
ಡಾಕ್ಟ್ರೇ ಇದನ್ನು ಓದಿ ಕಣ್ಣು ತುಂಬಿ ಬಂತು. ಕುರುಡಿಗೆ ದೀಪ. ನಾನು ಬರೆದಿಟ್ಟುಕೊಂಡೆ.

ಇನ್ನೊಂದು ಕೇಳ್ಬೇಕಿತ್ತು. ಹೆರಿಗೆ ಹೊತ್ತಿಗೆ ಗಂಡ ಕೈ ಹಿಡಿಯುವುದಿಲ್ಲ, ಕೆಲವು ಸಲ ರೂಮಲ್ಲೇ ಇರುವುದಿಲ್ಲ. ನಮ್ಮ ಸ್ಟಾಫಲ್ಲಿ ಒಬ್ಬರು "ಎಂಥ ಕಲ್ಲು ಮನಸ್ಸಿನ ಗಂಡಸು" ಅಂತ ಹೇಳಿದ್ರು, ನನಗೂ ಹಾಗೇ ಕಂಡಿತ್ತು, ಸುಳ್ಳು ಯಾಕೆ ಹೇಳ್ಲಿ.

ಬ್ರೂಕ್ಲಿನ್_ಮೈಸೂರು:
ನಿದ್ದಾ ಅಂತ ಅವರಲ್ಲಿ. ಗರ್ಭಕೋಶದಿಂದ ರಕ್ತ ಬರೋಕೆ ಶುರುವಾದ್ರೆ ಗಂಡ ಹೆಂಡ್ತಿ ಒಬ್ಬರನ್ನೊಬ್ಬರು ಮುಟ್ಟಲ್ಲ, ಮುಟ್ಟಾದಾಗ್ಲೂ ಅಷ್ಟೇ ಹೆರಿಗೆಯಲ್ಲೂ ಅಷ್ಟೇ. ಹೆರಿಗೇಲಿ ಅದು ಯಾವಾಗಿಂದ ಅನ್ನೋದು ಒಬ್ಬೊಬ್ಬ ರಬ್ಬಿ ಒಂದೊಂದು ಥರ ಹೇಳ್ತಾರೆ, ರಕ್ತ ಕಂಡಾಗ, ನೋವಿಗೆ ನಡೆಯೋಕೆ ಆಗದೇ ಇದ್ದಾಗ, ಹಿಂಗೆ. ಒಂದು ಲೋಟ ನೀರನ್ನೂ ಕೈಯಿಂದ ಕೈಗೆ ಕೊಡಲ್ಲ ಕೆಲವರು, ಟೇಬಲ್ ಮೇಲಿಡ್ತಾರೆ, ಇವಳು ತಗೋತಾಳೆ. ಹೆರಿಗೆ ಆಗೋದನ್ನ ಗಂಡ ನೋಡೋ ಹಾಗೂ ಇಲ್ಲ, ತಲೆ ಕಡೆ ನಿಂತ್ಕೋತಾರೆ ಇಲ್ಲ ಕರ್ಟನ್ ಹಿಂದೆ. ಅದಕ್ಕೇ ಗಂಡಂಗೆ "ಬಾಪ್ಪ ಈ ಕಾಲು ಹಿಡ್ಕೋ" ಅಂತ ದಯವಿಟ್ಟು ಯಾರೂ ಕರೀಬೇಡಿ, ಇಬ್ಬರಿಗೂ ಅವಮಾನ ಆಗುತ್ತೆ.

ಆದ್ರೆ ಕಲ್ಲು ಮನಸ್ಸು ಅನ್ನೋದು ಶುದ್ಧ ತಪ್ಪು. ನಾನೊಂದು ಹೆರಿಗೆ ಮರೆಯಲ್ಲ. ಚೊಚ್ಚಲು, ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಗಂಡ ಕರ್ಟನ್ ಆಚೆ ಗೋಡೆ ಕಡೆ ಮುಖ ಮಾಡ್ಕೊಂಡು ತೆಹಿಲ್ಲಿಂ ಓದ್ತಿದ್ದ, ದಾವೀದನ ಕೀರ್ತನೆಗಳು, ಹೆರಿಗೆ ನೋವಿಗೆ 20ನೇದು ತುಂಬ ಜನ ಓದ್ತಾರೆ. ಇವಳಿಗೆ ಪ್ರತಿ ಸಲ ನೋವು ಬಂದಾಗ್ಲೂ ಅವನ ದನಿ ನಡುಗೋದು. ಕೊನೆಗೆ ಇವಳು ನನ್ನ ಕೈನ ಮೂಳೆ ಮುರಿಯೋ ಹಾಗೆ ಹಿಡ್ಕೊಂಡು ಅವರ ಮನೆಮಾತು ಯಿಡ್ಡಿಶ್‌ನಲ್ಲಿ ಕೂಗಿದ್ಲು, ಪಕ್ಕದಲ್ಲಿದ್ದ ದೌಲಾ, ಅಂದ್ರೆ ಹೆರಿಗೆಗೆ ಜೊತೆ ಇರೋ ಸಹಾಯಕಿ, ನನಗೆ ಹೇಳಿದ್ಲು, "ಇನ್ನೂ ಜೋರಾಗಿ ಓದು ಅಂತಿದ್ದಾಳೆ." ಅವನು ಜೋರಾಗಿ ಓದಿದ. ಆ ರೂಮಲ್ಲಿ ಅವರಿಬ್ರೂ ಹಿಡ್ಕೊಂಡಿದ್ದು ಅದನ್ನೇ. ಕೈ ಹಿಡಿಯೋ ಕೆಲಸ ನಂದು ಆ ದೌಲಾದು, ಅಷ್ಟೇ ವ್ಯತ್ಯಾಸ.

ಆಮೇಲೆ ಮಗು ಹುಟ್ಟಿದ್ಮೇಲೂ ಗಂಡ ಅಪ್ಪಿಕೊಳ್ಳಲ್ಲ. ರಕ್ತ ಪೂರ್ತಿ ನಿಂತು, ಏಳು ಶುದ್ಧ ದಿನ ಎಣಿಸಿ, ಮಿಕ್ವೆ ಅಂತ ಕೊಳದಲ್ಲಿ ಮುಳುಗೆದ್ದ ಮೇಲೇನೇ. ಆ ನಾಲ್ಕೈದು ವಾರ ಕೆಲವು ಹುಡುಗೀರಿಗೆ ತುಂಬ ಒಂಟಿ ಅನ್ಸುತ್ತೆ, ನನ್ನ ಹತ್ರಾನೇ ಅತ್ತಿದ್ದಾರೆ. ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಅದಕ್ಕೇ ಭುಜದ ಮೇಲೆ ಕೈಯಿಡೋಕೆ ಒಬ್ಬ ಹೆಂಗಸು ಪಕ್ಕದಲ್ಲಿರೋದು ಮುಖ್ಯ.

ತುಮಕೂರು_ಸ್ಟಾಫ್‌ನರ್ಸ್:
ಕ್ಷಮಿಸಿ, ಎಲ್ಲರೂ ಒಂದೇ ರಾಗದಲ್ಲಿ ಹೇಳ್ತಿದೀರ, ನನಗೆ ಒಪ್ಪಿಗೆ ಆಗ್ತಿಲ್ಲ. ನಾನು ಪಿಎಚ್‌ಸಿಲಿ ಕೆಲಸ ಮಾಡೋಳು. ನಮ್ಮ ಜಿಲ್ಲೆಲಿ ಏನಾಗಿದೆ ಗೊತ್ತಲ್ವಾ, 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿ ಒಂದರಲ್ಲಿ ಸೂತಕ ಅಂತ ಬಾಣಂತಿ ಕೂಸು ಇಬ್ರನ್ನೂ ಊರಾಚೆ ಗುಡಿಸಲಲ್ಲಿಟ್ಟು ಮಳೆ ಚಳೀಲಿ ಕೂಸು ಸತ್ತೋಯ್ತು. ನಾವು ಮನೆ ಮನೆಗೆ ಹೋಗಿ ಸೂತಕ ಬಿಡಿ, ಮುಟ್ಟು ಮೈಲಿಗೆ ಅಲ್ಲ, ಬಾಣಂತಿನ ಒಳಗೆ ಮಲಗಿಸಿ ಅಂತ ಗಂಟಲು ಹರ್ಕೋತೀವಿ. ನೀವು ನೋಡಿದ್ರೆ ಲಂಡನ್ನು ನ್ಯೂಯಾರ್ಕಲ್ಲಿ ಅದೇ ಮೈಲಿಗೇನ ಸಂಸ್ಕೃತಿ ಅಂತ ಗೌರವದಿಂದ ನಡೆಸಿಕೊಡಿ ಅಂತೀರ. ನಮ್ಮ ಹಟ್ಟಿ ಹೆಂಗಸು ಮಾಡಿದ್ರೆ ಮೂಢನಂಬಿಕೆ, ಅವರು ಮಾಡಿದ್ರೆ ಕಲ್ಚರಾ?

ಡಾಕ್ಟರ್_ಹುಬ್ಬಳ್ಳಿ:
ಇಲ್ರೀ ಮೇಡಂ, ನಿಮ್ಮ ಸಿಟ್ಟು ನ್ಯಾಯದ್ದು ಐತಿ. ನಾನೂ ಈ ಪ್ರಶ್ನೆ ಭಾಳ ದಿವಸ ತಲ್ಯಾಗ ಇಟ್ಟಕೊಂಡಿದ್ದೆ. ನಿದ್ದಾ ಮತ್ತ ನಮ್ಮ ಸೂತಕ ಹೊರಗಿಂದ ಒಂದೇ ಥರ ಕಾಣಸ್ತಾವ, ಆದ್ರ ಒಳಗ ಬ್ಯಾರೆ. ನಿದ್ದಾ ಇದ್ದಾಕಿ ಮನಿಯಿಂದ ಹೊರಗ ಹೋಗಂಗಿಲ್ಲ, ಅಡಿಗಿ ಮಾಡ್ತಾಳ, ಎಲ್ಲಾರ ಜೋಡಿ ಕುಂತು ಉಣ್ತಾಳ, ಕೂಸಿಗೆ ಹಾಲು ಕುಡಸ್ತಾಳ, ಅವ್ವ ಅಕ್ಕ ತಂಗಿ ಎಲ್ಲಾರೂ ಮುಟ್ಟತಾರ. ಅಂತರ ಇರೋದು ಗಂಡ ಹೆಂಡ್ತಿ ನಡುವ ಅಷ್ಟ. ಮತ್ತ ಜೀವಕ್ಕ ಕುತ್ತು ಬಂತಂದ್ರ ನಿಯಮ ಬಾಗ್ತದ, ಅದನ್ನ ಅವರ ಧರ್ಮನ ಹೇಳ್ತದ, ನಾವು ಹೋಗಿ ವಾದ ಮಾಡೋದು ಬ್ಯಾಡ. ತಾಯಿ ಜೀವಕ್ಕ ಅಪಾಯ ಅಂದ್ರ ಹೆರಿಗೆಕ್ಕ ಮೊದಲ ತಾಯಿ ಜೀವ ಮೊದಲು ಅಂತ ಮಿಶ್ನಾದಾಗ ಸ್ಪಷ್ಟ ಐತಿ. ಎರಡು ಗಂಡು ಮಕ್ಕಳು ಸುನ್ನತಿ ಆಗಿ ಸತ್ರ ಮೂರನೇದಕ್ಕ ಮಾಡಬಾರದು ಅಂತ ತಾಲ್ಮುದ್‌ದಾಗ ಐತಿ, ಹಿಮೊಫಿಲಿಯಾ ಅಂತ ಹೆಸರು ಇಡೋಕಿಂತ ಎಷ್ಟೋ ನೂರು ವರ್ಷ ಮೊದಲ ರಕ್ತ ಹೆಪ್ಪುಗಟ್ಟದ ಮನಿತನ ಗುರುತಿಸಿದ್ರು.

ನನ್ನ ಗೆರಿ ಇಷ್ಟ. ತಾಯಿ ಮಗು ಸುರಕ್ಷತಾಕ್ಕ ಧಕ್ಕಿ ಬರೋದಿಲ್ಲ ಅಂದ್ರ ಅದು ಆಕಿ ಆಯ್ಕೆ. ಧಕ್ಕಿ ಬರ್ತದ ಅಂದ್ರ ನಾ ಸುಮ್ಮನಿರಂಗಿಲ್ಲ, ಯಹೂದಿ ಮಂದಿ ಇರೋ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್ ಇರ್ಲಿ ಗೊಲ್ಲರಹಟ್ಟಿ ಇರ್ಲಿ.

ತುಮಕೂರು_ಸ್ಟಾಫ್‌ನರ್ಸ್:
ಸುರಕ್ಷತೆ ಗೆರೆ ಅಂದ್ರಲ್ಲ ಡಾಕ್ಟ್ರೇ, ಅದು ಒಪ್ಪಿದೆ. ಆದ್ರೆ "ಆಕಿ ಆಯ್ಕೆ" ಅನ್ನೋದು ಅಷ್ಟು ಸಲೀಸಲ್ಲ. ಹಟ್ಟೀಲೂ ಕೇಳಿದ್ರೆ ನಾನೇ ಹೊರಗಿರ್ತೀನಿ ಸಿಸ್ಟರ್, ದೇವರಿಗೆ ಆಗಲ್ಲ ಅಂತಾರೆ. ಅತ್ತೆ ಪಕ್ಕದಲ್ಲೇ ನಿಂತಿರ್ತಾಳೆ. ನಿಮ್ಮ ಪೇಷಂಟನ್ನೂ ಒಬ್ಬಳೇ ಇದ್ದಾಗ ಕೇಳಿ ಅಂತ ನನ್ನ ಮನವಿ.

ಬ್ರೂಕ್ಲಿನ್_ಮೈಸೂರು:
ಇದು ನೂರಕ್ಕೆ ನೂರು ನಿಜ ಕಣಮ್ಮ. ಅಡ್ಮಿಷನ್ ಟೈಮಲ್ಲಿ ಅಮ್ಮ, ಅತ್ತೆ, ಗಂಡ ಎಲ್ಲರನ್ನೂ ಹತ್ತು ನಿಮಿಷ ಆಚೆ ಕಳಿಸಿ ಅವಳ ಹತ್ರಾನೇ ಕೇಳ್ತೀನಿ. ನಿಂಗೆ ಏನು ಬೇಕು, ಏನು ಬೇಡ. ಎಷ್ಟು ಸಲ ಉತ್ತರ ನಾನು ಅಂದ್ಕೊಂಡಿದ್ದಕ್ಕಿಂತ ಬೇರೇನೇ ಇರುತ್ತೆ. ಮದುವೆ ಆದ್ಮೇಲೆ ಕೂದಲು ಮುಚ್ಚೋಕೆ ವಿಗ್ ಹಾಕಿದೋರೆಲ್ಲ ಒಂದೇ ಅಲ್ಲ, ಒಬ್ಬಳು ಗಂಡಸು ಡಾಕ್ಟರ್ ಆದ್ರೂ ಪರವಾಗಿಲ್ಲ ಅಂತಾಳೆ, ಇನ್ನೊಬ್ಬಳಿಗೆ ಡೆಲಿವರಿ ಟೇಬಲ್ ಮೇಲೂ ತಲೆ ಬಟ್ಟೆ ಜಾರಬಾರದು. ಓಟಿಗೆ ಕರ್ಕೊಂಡು ಹೋಗೋವಾಗ ನಾನು ಎರಡು ಸರ್ಜಿಕಲ್ ಕ್ಯಾಪ್, ಒಂದು ಎಕ್ಸ್‌ಟ್ರಾ ಗೌನ್ ಜೇಬಲ್ಲೇ ಇಟ್ಕೊಂಡಿರ್ತೀನಿ, ಎರಡು ನಿಮಿಷದ ಕೆಲಸ.

ಕುಡ್ಲ_ಟು_ಜೆರುಸಲೇಮ್:
ನಾನು ನರ್ಸ್ ಅಲ್ಲ, ಕೇರ್‌ಗಿವರ್. ನಮ್ಮ ಮಂಗಳೂರು ಕಡೆಯವರು ಇಲ್ಲಿ ತುಂಬ ಮಂದಿ ಇದ್ದೇವೆ, ವಯಸ್ಸಾದವರನ್ನು ನೋಡ್ಕೊಳ್ಳುವ ಕೆಲಸ. ನಾನು ನೋಡ್ಕೊಳ್ಳುವ ಅಜ್ಜಿಗೆ 88, ಮೊಮ್ಮಕ್ಕಳು ಮರಿಮಕ್ಕಳು ಸೇರಿ ಲೆಕ್ಕ ತಪ್ಪುತ್ತದೆ, ವರ್ಷಕ್ಕೆ ಮೂರು ನಾಲ್ಕು ಹೆರಿಗೆ. ನಾನು ಬಂದ ಹೊಸದರಲ್ಲಿ ಒಬ್ಬಳು ಮೊಮ್ಮಗಳಿಗೆ ಏಳು ತಿಂಗಳು, ಪ್ರೀತಿಯಿಂದ ಒಂದು ಚಿಕ್ಕ ಸ್ವೆಟರ್ ಹೆಣೆದು ಕೊಟ್ಟೆ. ಅವಳ ಮುಖ ಬಾಡಿತು. ಅಜ್ಜಿ ತಕ್ಷಣ ಅದನ್ನು ತೆಗೆದುಕೊಂಡು ಇದು ನನ್ನ ಕಪಾಟಿನಲ್ಲಿ ಇರಲಿ ಅಂದರು. ಹುಟ್ಟುವ ಮೊದಲು ಮಗುವಿನ ಸಾಮಾನು ಮನೆಗೆ ತರುವುದಿಲ್ಲ, ಕಣ್ಣು ಬೀಳುತ್ತದೆ ಅಂತ. ನಮ್ಮಲ್ಲೂ ತೊಟ್ಟಿಲು ಮೊದಲೇ ತರುವುದಿಲ್ಲ ಅಲ್ವಾ, ಆದರೆ ಸೀಮಂತ ನಾವು ಊರಿಗೆಲ್ಲ ಹೇಳಿ ಮಾಡ್ತೇವೆ, ಇವರಲ್ಲಿ ಅದೂ ಇಲ್ಲ. ಬಸುರಿಗೆ "ಮಝಲ್ ತೋವ್" ಅನ್ನುವುದೂ ಇಲ್ಲ, "ಬೆಶಾಆ ತೋವಾ" ಅನ್ನಬೇಕು, ಒಳ್ಳೆ ಗಳಿಗೆಯಲ್ಲಿ ಆಗಲಿ ಅಂತ. ಮಝಲ್ ತೋವ್ ಮಗು ಹುಟ್ಟಿದ ಮೇಲೆ.

ಹೆಸರೂ ಹಾಗೆ. ಗಂಡು ಮಗುವಿಗೆ ಎಂಟನೇ ದಿನ ಬ್ರಿತ್, ಅಂದರೆ ಸುನ್ನತಿ, ಆಗುವಾಗಲೇ ಹೆಸರು, ಹೆಣ್ಣು ಮಗುವಿಗೆ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಧರ್ಮಗ್ರಂಥ ತೋರಾ ಓದುವಾಗ. ಅದಕ್ಕೆ ಮೊದಲು ಬಾಯಿ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಹೆಸರೇನು ಹೆಸರೇನು ಅಂತ ಕೇಳಿ ಪೀಡಿಸಬೇಡಿ. ನಮ್ಮಲ್ಲೂ ಹನ್ನೆರಡನೇ ದಿನ ತನಕ ಪಾಪು ಅಂತಲೇ ಕರೆಯುವುದಲ್ವಾ.

ಇಲ್ಲಿ ಶಾರೆ ಝೆದೆಕ್ ಅಂತ ಆಸ್ಪತ್ರೆ ಉಂಟು, 1902ರಲ್ಲಿ ಶುರುವಾದದ್ದು, ಅಜ್ಜಿಯ ಮರಿಮಕ್ಕಳು ಹುಟ್ಟಿದ್ದು ಹೆಚ್ಚಿನದು ಅಲ್ಲಿಯೇ. ಶಬ್ಬಾತ್ ದಿನ ಲಿಫ್ಟ್ ತಾನಾಗಿಯೇ ಪ್ರತಿ ಮಾಳಿಗೆಯಲ್ಲಿ ನಿಲ್ಲುತ್ತದೆ, ಬಟನ್ ಒತ್ತುವುದೇ ಬೇಡ. ಅಲ್ಲಿ ಯಾರಿಗೂ ಏನನ್ನೂ ವಿವರಿಸುವ ಕೆಲಸ ಇಲ್ಲ, ಕಟ್ಟಡಕ್ಕೇ ಗೊತ್ತುಂಟು. ಲಂಡನ್‌ನಲ್ಲಿ ಒಬ್ಬಳೇ ಮಲಗಿದ್ದ ಆ ಹೆಂಗಸಿನ ಬಗ್ಗೆ ಓದುವಾಗ ನನಗೆ ಇದೇ ನೆನಪಾಯ್ತು.

ಬ್ರೂಕ್ಲಿನ್_ಮೈಸೂರು:
ಕುಡ್ಲದೋರೇ, ಒಂದು ಪದ ಹೇಳ್ತೀನಿ ನಿಮಗೆಲ್ಲಾ ಇಷ್ಟ ಆಗುತ್ತೆ. ಇಂಗ್ಲಿಷಲ್ಲಿ "ಬಾಣಂತಿ" ಅನ್ನೋಕೆ ಬಳಕೆ ಮಾತಲ್ಲಿ ಪದ ಇಲ್ಲ, ಗಮನಿಸಿದೀರಾ? ಪೋಸ್ಟ್‌ಪಾರ್ಟಮ್ ಪೇಷಂಟ್ ಅನ್ಬೇಕು, ಅದು ಚಾರ್ಟಲ್ಲಿ ಬರೆಯೋ ಮಾತು, ಕರೆಯೋ ಮಾತಲ್ಲ. ಯಿಡ್ಡಿಶಲ್ಲಿ ಇದೆ, ಕಿಂಪೆಟೋರಿನ್. ನಮ್ಮ ಬಾಣಂತಿ ಅಂದ್ರೆ ಏನೋ ಅದೇ. ಅವಳಿಗೆ ಮನೆ ಮನೆಯಿಂದ ಊಟ ಬರುತ್ತೆ, ದೊಡ್ಡ ಮಕ್ಕಳನ್ನ ಪಕ್ಕದ ಮನೆಯೋರು ನೋಡ್ಕೋತಾರೆ, ಬಾಣಂತಿಯರಿಗೇ ಅಂತ ವಿಶ್ರಾಂತಿ ಮನೆಗಳಿವೆ, ಒಂದು ವಾರ ಹತ್ತು ದಿನ ಅಲ್ಲೇ ಮಲಗಿ ಬಿಸಿ ಸೂಪ್ ಕುಡೀಬಹುದು. ಇಂಥ ಮನೆ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್‌ನಲ್ಲೂ ಇದೆ. ನಾನು ನನ್ನ ಎರಡನೇ ಹೆರಿಗೆ ಇಲ್ಲಿ ಮಾಡ್ಕೊಂಡಾಗ ಅಮ್ಮನಿಗೆ ವೀಸಾ ಸಿಗಲಿಲ್ಲ, ಎಣ್ಣೆ ನೀರು ಹಾಕೋರಿಲ್ಲ, ಮೆಣಸಿನ ಸಾರು ಮಾಡಿಕೊಡೋರಿಲ್ಲ. ಆಗ ನನ್ನ ಹಳೇ ಪೇಷಂಟ್ ಒಬ್ಬಳು ಫೋನಲ್ಲಿ "ನಿನ್ನ ಕಿಂಪೆಟ್‌ಗೆ ಯಾರಿದ್ದಾರೆ" ಅಂತ ಕೇಳಿದ್ಲು. ಈ ದೇಶದಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

ನರ್ಸಿಂಗ್_ಬೆಂಗಳೂರು:
ಅಕ್ಕ ಊಟದ ಬಗ್ಗೆ ಹೇಳಿ, ಕೋಷರ್ ಅಂದ್ರೆ ಬರೀ ಹಂದಿ ಇಲ್ಲ ಅಂತ ಅಷ್ಟೇ ನಮ್ಮ ಬುಕ್ಕಲ್ಲಿರೋದು. ಮತ್ತೆ ಉಪವಾಸ ಇರ್ತಾರಾ ಬಸುರಿಯರು?

ಬ್ರೂಕ್ಲಿನ್_ಮೈಸೂರು:
ಮಾಂಸ ಹಾಲು ಒಟ್ಟಿಗೆ ಇಲ್ಲ, ಮಾಂಸ ತಿಂದ್ಮೇಲೆ ಹಾಲಿನ ಪದಾರ್ಥಕ್ಕೆ ಕೆಲವರು 6 ಗಂಟೆ ಕಾಯ್ತಾರೆ, ಪಾತ್ರೆನೂ ಬೇರೆ. ಆಸ್ಪತ್ರೆಲಿ ಸೀಲ್ ಮಾಡಿದ ಊಟದ ಪೊಟ್ಟಣ ಬರುತ್ತೆ, ಅದನ್ನ ಎರಡು ಪದರ ಸುತ್ತಿರೋ ಹಂಗೇ ಬಿಸಿ ಮಾಡಿ ಅವರ ಮುಂದೇನೇ ಬಿಚ್ಚಬೇಕು. ನೀನು ಸಹಾಯ ಮಾಡೋಣ ಅಂತ ಕಿಚನ್‌ನಲ್ಲಿ ಬಿಚ್ಚಿ ವಾರ್ಡ್ ತಟ್ಟೆಗೆ ಹಾಕ್ಕೊಂಡು ಹೋದ್ರೆ ಮುಗೀತು, ಆ ಊಟ ಅವರಿಗೆ ಇಲ್ಲ. ಹಸಿದಿರೋ ಬಾಣಂತಿ, ಅದೂ ಹಾಲುಣಿಸೋಳು, ಎಷ್ಟು ಪಾಪ ನೋಡು. ವಾರ್ಡಿನ ಹಾಲು ಕೂಡ ಕೆಲವರು ಕುಡಿಯಲ್ಲ, ಯಹೂದಿ ಮೇಲ್ವಿಚಾರಣೇಲಿ ಕರೆದ ಹಾಲೇ ಆಗ್ಬೇಕು. ಹಾಸಿಗೆ ಪಕ್ಕ ಎರಡು ಹಿಡಿಕೆ ಇರೋ ಲೋಟ, ಒಂದು ಬೋಗುಣಿ ಇದ್ರೆ ಎತ್ತಿ ಒಳಗಿಡಬೇಡ, ಬೆಳಗ್ಗೆ ಎದ್ದ ತಕ್ಷಣ ಕೈಗೆ ನೀರು ಹಾಕ್ಕೊಳ್ಳೋಕೆ ಅದು. ತೊಟ್ಟಿಲ ಹತ್ರ ಒಂದು ಕಾರ್ಡ್ ಅಂಟಿಸಿರ್ತಾರೆ, 121ನೇ ಕೀರ್ತನೆ, ತಾಯಿ ಮಗು ರಕ್ಷಣೆಗೆ. ನಮ್ಮಲ್ಲಿ ತೊಟ್ಟಿಲ ಕೆಳಗೆ ಕಬ್ಬಿಣ ಇಡಲ್ವಾ. ಕ್ಲೀನಿಂಗ್ ಅವರಿಗೂ ಹೇಳಿರ್ಬೇಕು ಕಿತ್ತು ಬಿಸಾಡಬೇಡಿ ಅಂತ.

ಡಾಕ್ಟರ್_ಹುಬ್ಬಳ್ಳಿ:
ಉಪವಾಸದ್ದು ನಾ ಹೇಳ್ತೀನಿ. ಯೋಮ್ ಕಿಪ್ಪೂರ್ ಅಂತ ವರ್ಷಕ್ಕೊಮ್ಮೆ, ನೀರೂ ಇಲ್ಲದ 25 ತಾಸು, ನಮ್ಮ ನಿರ್ಜಲ ಏಕಾದಶಿ ಇದ್ದಂಗ. ಆರೋಗ್ಯ ಇದ್ದ ಬಸುರಿ ಹೆಣ್ಣಮಕ್ಕಳೂ ಮಾಡ್ತಾರ. ಹೆರಿಗಿ ಶುರು ಆದಾಕಿ, ಹಡದು ಮೂರು ದಿವಸ ಆಗದಾಕಿ ಮಾಡಂಗಿಲ್ಲ. ನಡುವಿನವರಿಗೆ ಡಾಕ್ಟರ್ ಮಾತು ಮುಖ್ಯ, ತೊಂದ್ರಿ ಇದ್ರ ಸ್ವಲ್ಪ ಸ್ವಲ್ಪ ಗುಟುಕು ನಡುವ ಬಿಡುವು ಕೊಟ್ಟು ಕುಡಿಯೋ ಪದ್ಧತಿನೂ ಐತಿ. ಅದಕ್ಕ ಹಬ್ಬಕ್ಕ ಎರಡು ವಾರ ಮೊದಲ ಕ್ಲಿನಿಕ್‌ದಾಗ ನಾನ ಕೇಳ್ತೀನಿ. ನೀವು ಉಪವಾಸ ಬ್ಯಾಡ ಅಂತ ಒಂದು ಚೀಟಿ ಬರದು ಕೊಟ್ರ ಆಕಿ ಅದನ್ನ ರಬ್ಬಿಗೆ ತೋರಿಸಿ ನಿಶ್ಚಿಂತಿಯಿಂದ ನೀರು ಕುಡೀತಾಳ. ವಾದ ಮಾಡೋಕಿಂತ ಆ ಚೀಟಿ ಮೇಲು.

ಇನ್ನ ನಮ್ಮ ಡಾಕ್ಟರ್ ಮಂದಿಗೆ ಒಂದಿಷ್ಟು. ಮಗು ಹುಟ್ಟಿದ ಟೈಮ್ ಸರಿಯಾಗಿ ಬರೀರಿ, ನಿಮಿಷ ಸಮೇತ. ಸೂರ್ಯಾಸ್ತಕ್ಕ ಮೊದಲೋ ಆಮೇಲೋ ಅನ್ನೋದರ ಮ್ಯಾಲೆ ಎಂಟನೇ ದಿನ ಬದಲಾಗ್ತದ. ಸಿಸೇರಿಯನ್ ಕೂಸಿನ ಬ್ರಿತ್ ಶಬ್ಬಾತ್ ದಿನ ಮಾಡಂಗಿಲ್ಲ, ಹಂಗಾಗಿ ಅದನ್ನೂ ಕೇಳ್ತಾರ. ಕಾಮಾಲೆ ಇದ್ರ ಮುಂದ ಹಾಕ್ತಾರ, ಬಿಲಿರುಬಿನ್ ಎಷ್ಟಂತ ಅವರ ಕೇಳಿದ್ರ ಅದು ಸುಮ್ಮನ ಕುತೂಹಲ ಅಲ್ಲ. ಹೆರಿಗೆ ಆದಮ್ಯಾಲೆ "ಈ ರಕ್ತ ಹೊಲಿಗಿದೋ ಗರ್ಭಕೋಶದ್ದೋ" ಅಂತ ಕೇಳಿದ್ರ ಸಂಕೋಚ ಇಲ್ಲದ ಖರೆ ಉತ್ತರ ಕೊಡ್ರಿ, ಗಾಯದ ರಕ್ತಕ್ಕ ನಿದ್ದಾ ಇಲ್ಲ, ಏಳು ದಿನದ ಎಣಿಕಿ ಅದರ ಮ್ಯಾಲೆ ನಿಂತಿರ್ತದ. ಮತ್ತ ದೊಡ್ಡ ಸಂಸಾರ ಇವರದು, ಏಳನೇದು ಎಂಟನೇದು ಹೆರಿಗೆ ಅಂದ್ರ ಗರ್ಭಕೋಶ ಸರಿಯಾಗಿ ಕುಗ್ಗದ ರಕ್ತಸ್ರಾವ ಆಗೋ ಅಪಾಯ ಜಾಸ್ತಿ, ಆಕಿ ಅನುಭವಸ್ಥೆ ಅಂತ ಮೈ ಮರೀಬ್ಯಾಡ್ರಿ. ಹಂಗ ಮೊದಲ ಹೆರಿಗೆಗೇ ಸಿಸೇರಿಯನ್ ಅಂತ ಅವಸರ ಮಾಡೋಕಿಂತ ಮೊದಲು ನೆನಪಿಡ್ರಿ, ಆಕಿ ಮುಂದಿನ ಹೆರಿಗಿ ಎಲ್ಲಾ ಆ ಗಾಯದ ಮ್ಯಾಲೆ ಆಗ್ಬೇಕು.

ಕಾರ್ಕಳ_ಸಿಸ್ಟರ್:
ಕಷ್ಟದ ಪ್ರಶ್ನೆ ಒಂದು. ಮಗು ಉಳಿಯದೇ ಹೋದರೆ? ನಮ್ಮಲ್ಲಿ ಫೋಟೋ ತೆಗೆದು, ಕಾಲಿನ ಅಚ್ಚು ತೆಗೆದು ಒಂದು ಪೆಟ್ಟಿಗೆ ಮಾಡಿ ಕೊಡ್ತಾರೆ.

ಬ್ರೂಕ್ಲಿನ್_ಮೈಸೂರು:
ಕೇಳದೇ ಮಾಡ್ಬೇಡಿ. ಬೇಡ ಅನ್ನೋರು ತುಂಬ ಜನ ಇದ್ದಾರೆ, ಬೇಕು ಅನ್ನೋರೂ ಇದ್ದಾರೆ, ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಹೆದರೋರೂ ಇದ್ದಾರೆ. ಚೆವ್ರಾ ಕದಿಶಾ ಅಂತ ಅವರದೇ ಜನ ಬಂದು ಮಣ್ಣು ಮಾಡ್ತಾರೆ, ಆದಷ್ಟು ಬೇಗ. ಪೋಸ್ಟ್‌ಮಾರ್ಟಮ್ ಸಾಮಾನ್ಯವಾಗಿ ಒಪ್ಪಲ್ಲ. ಮೂವತ್ತು ದಿನ ತುಂಬದ ಮಗುಗೆ ಪೂರ್ತಿ ಶೋಕಾಚರಣೆ ಇಲ್ಲ ಹಳೇ ಪದ್ಧತೀಲಿ. ಅದನ್ನ ನೋಡಿ ಇವರಿಗೆ ದುಃಖ ಇಲ್ಲ ಅಂದ್ಕೋಬೇಡಿ. ಶೋಕದಲ್ಲಿ ಮನೇಲಿ ಕೂಡೋಕೆ ಏಳು ದಿನ ಇಲ್ಲ, ಬಂದು ಮಾತಾಡ್ಸೋರಿಲ್ಲ, ಆ ತಾಯಿ ಎದೇಲಿ ಹಾಲು ಮಾತ್ರ ಬರ್ತಿರುತ್ತೆ. ನಾನು ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ.

ತುಮಕೂರು_ಸ್ಟಾಫ್‌ನರ್ಸ್:
ಇದನ್ನ ಓದಿ ಮಾತು ಬರ್ತಿಲ್ಲ. ನನ್ನ ಮೊದಲಿನ ಮಾತು ವಾಪಸ್ ತಗೊಳ್ಳಲ್ಲ, ಆದ್ರೆ ಸಿಸ್ಟರ್, ನಿಮ್ಮ ಆ "ಚಳಿ ಅಲ್ವಾ" ಅನ್ನೋದು ನನ್ನ ತಲೆಯಿಂದ ಹೋಗ್ತಿಲ್ಲ. ನಮ್ಮ ಹಟ್ಟಿ ಹೆಂಗಸರೂ ಹಂಗೇ ಹೇಳೋದು. "ಮಳೆ ಬರೋ ಹಂಗಿದೆ ಸಿಸ್ಟರ್" ಅಂತ. ನಾನು ಹವಾಮಾನ ಅಂದ್ಕೊಂಡು ಎಷ್ಟು ಸಲ ಗಾಡಿ ಹತ್ತಿ ಬಂದಿದ್ದೀನೋ ಏನೋ.

ಮೇಲ್ವಿಚಾರಕ:
ಯುದ್ಧ, ರಾಜಕೀಯದ ಬಗ್ಗೆ ಬಂದ ಮೂರು ಕಾಮೆಂಟ್ ತೆಗೆದಿದ್ದೀನಿ. ಇದು ಹೆರಿಗೆ ವಾರ್ಡ್ ಚರ್ಚೆ.

ಕಾರ್ಕಳ_ಸಿಸ್ಟರ್:
ನಿನ್ನೆ ಶುಕ್ರವಾರದ ನೈಟ್ ಮುಗಿಸಿ ಈಗ ಬಂದೆ. ಸ್ನಾನ ಮಾಡುವ ಮೊದಲೇ ಬರೆಯುತ್ತಿದ್ದೇನೆ. ನಿನ್ನೆ ಒಬ್ಬರು ಯಹೂದಿ ಬಾಣಂತಿ ಇದ್ರು, ಬೇರೆಯವರು, ನಾಲ್ಕನೇ ಹೆರಿಗೆ. ಬೆಳಗಿನ ಸಿಸ್ಟರಿಗೆ ಮೊದಲೇ ಮೆಸೇಜ್ ಹಾಕಿ ಸಹಿ ಎಲ್ಲ ಮಾಡಿಸಿ ಆಗಿತ್ತು. ಬೆಡ್‌ನ ಎತ್ತರ ಕೇಳಿ ಇಟ್ಟಿದ್ರು, ಬಾತ್‌ರೂಮಿನ ಸೆನ್ಸರ್ ಆಫ್ ಮಾಡ್ಲಿಕ್ಕೆ ಮೇಂಟೆನೆನ್ಸ್‌ನವರು ಬರಲಿಲ್ಲ, ಅದಕ್ಕೆ ನಾವೇ ವಾರ್ಡಿನ ಆ ಕೊನೆಯ ಹಳೇ ಬಾತ್‌ರೂಮ್ ಅವರಿಗೆ ಬಿಟ್ಟುಕೊಟ್ಟೆವು. ನನ್ನ ವಾಚ್‌ನಲ್ಲಿ ಒಂದೊಂದು ಗಂಟೆಗೆ ಅಲಾರಂ ಇಟ್ಟಿದ್ದೆ. ಹತ್ತಕ್ಕೆ ಹೋದೆ, ಹನ್ನೊಂದಕ್ಕೆ ಹೋದೆ. "ಏನಾದ್ರೂ ಬೇಕಾ" ಅಂತ ಕೇಳಲಿಲ್ಲ, ಕೇಳಿದ್ರೆ ಏನೂ ಬೇಡ ಅಂತಲೇ ಹೇಳ್ತಾರೆ ಅಂತ ಈಗ ಗೊತ್ತಲ್ಲ. ಪ್ಯಾಡ್ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ, ಮಾತ್ರೆ ನೀರು ಕೈಗೇ ಕೊಟ್ಟೆ. ಎರಡು ಗಂಟೆಗೆ ಹೋದಾಗ ಮಗು ಎದೆ ಮೇಲೆ ನಿದ್ದೆ ಹೋಗಿತ್ತು, ಇವರು ಕಣ್ಣು ಬಿಟ್ಟುಕೊಂಡೇ ಇದ್ರು, ಲೈಟ್ ನೇರ ಮುಖದ ಮೇಲೆ. "ನಾನು ಈ ಲೈಟ್ ಆರಿಸ್ತೇನೆ, ಆ ಕಡೆಯ ಚಿಕ್ಕದು ಇರಲಿ" ಅಂತ ನನ್ನಷ್ಟಕ್ಕೇ ಹೇಳಿ ಆರಿಸಿದೆ. ಮಗುವನ್ನು ತೊಟ್ಟಿಲಿಗೆ ಹಾಕಿ, ಆ ಕಾರ್ಡ್ ಜಾರಿತ್ತು, ಸರಿ ಮಾಡಿದೆ. ಅವರು ಏನೂ ಹೇಳಲಿಲ್ಲ. ಗೋಡೆ ಕಡೆ ತಿರುಗಿ ಹೊದಿಕೆ ಎಳ್ಕೊಂಡು ಮಲಗಿದ್ರು, ಮೂರು ಗಂಟೆಗೆ ಹೋದಾಗ ಗಾಢ ನಿದ್ದೆ.